ಕಾಲುದಾರಿಯ ಪಾಲು: ಬಸವನಗುಡಿಯಿಂದ ಬಿಳೇಕಹಳ್ಳಿಯವರೆಗೆ

ಬಿಳೇಕಹಳ್ಳಿ ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಮಗ್ಗುಲಿಗಿರುವ ಊರು. ಜಮೀನಿನ ಹಳೆಯ ಕಾಗದಪತ್ರಗಳಲ್ಲಿ ಅದು ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿಯ ಒಂದು ಗ್ರಾಮ. ಇವತ್ತು ಅಲ್ಲಿಗೆ ಬಂದವರಿಗೆ ಬಿ.ಟಿ.ಎಂ. ಲೇಔಟು, ಅರೆಕೆರೆ, ವಿಜಯಾ ಬ್ಯಾಂಕ್ ಲೇಔಟು, ಜೆ.ಪಿ. ನಗರಗಳ ನಡುವೆ ಆ ಊರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯುವುದು ಕಷ್ಟ. ಇಲ್ಲಿಂದ ಏಳೆಂಟು ಕಿಲೋಮೀಟರ್ ಉತ್ತರಕ್ಕೆ ಬಸವನಗುಡಿ, ನಡುದಾರಿಯಲ್ಲಿ ಜಯನಗರ. ಮೂರೂ ಒಂದೇ ನಗರ ಒಂದೇ ದಿಕ್ಕಿಗೆ ಚಾಚಿಕೊಂಡಾಗ ಅದರೊಳಗೆ ಸೇರಿದ ನೆಲೆಗಳು. ಮನೆಯಿಂದ ಹೊರಟವರು ಹಾಲು, ತರಕಾರಿ, ಶಾಲೆ, ದೇವಸ್ಥಾನ, ಬಸ್ಸು ಇವೆಲ್ಲವನ್ನೂ ನಡೆದೇ ಮುಟ್ಟುವಂಥ ಬಾಳು ಬಸವನಗುಡಿ, ಜಯನಗರಗಳಲ್ಲಿ ಬೇರೂರಿತು. ಬಿಳೇಕಹಳ್ಳಿಯಲ್ಲಿ ಅದು ಹಳೆಯ ಹಳ್ಳಿಯ ಬೀದಿಗಳಲ್ಲಿ ಉಳಿದು, ಸುತ್ತಲಿನ ಹೊಸ ಬಡಾವಣೆಗಳಲ್ಲಿ ಕೈತಪ್ಪಿತು. ಕಾರು, ಬೈಕುಗಳು ಹೆಚ್ಚುವ ಮೊದಲೇ, ಹೊಲಗಳು ಸೈಟುಗಳಾಗಿ ಒಡೆದ ದಿನವೇ ಅದು ತೀರ್ಮಾನವಾಗಿತ್ತು.

ಈ ಸೀಮೆಯ ಹಳ್ಳಿಗಳು ಬೆಂಗಳೂರು ಪೇಟೆಗಿಂತ ಹಳೆಯವು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನ ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ಹೆಸರಿಸುತ್ತದೆ. ಕೆಂಪೇಗೌಡರು ಪೇಟೆ ಕಟ್ಟಿಸಿದ್ದು ಅದಾದ ಸುಮಾರು ಮೂರು ಶತಮಾನಗಳ ನಂತರ. ಸಾರಕ್ಕಿ, ಪುಟ್ಟೇನಹಳ್ಳಿ, ಅರೆಕೆರೆ, ಹುಳಿಮಾವು, ತಾವರೆಕೆರೆ, ಮಡಿವಾಳ, ಹೀಗೆ ಇಲ್ಲಿನ ಒಂದೊಂದು ಊರಿಗೂ ಒಂದು ಕೆರೆ. ಈ ಭಾಗದ ಮಳೆನೀರು ಕೆರೆಯಿಂದ ಕೆರೆಗೆ ಇಳಿದು ಮಡಿವಾಳ, ಅಗರ ದಾಟಿ ಬೆಳ್ಳಂದೂರಿಗೆ ಸೇರುತ್ತಿತ್ತು. ನೀರು ಹರಿಯುವ ದಾರಿ ರಾಜಕಾಲುವೆಯಾದರೆ, ಜನ ನಡೆಯುವ ದಾರಿ ಕೆರೆ ಏರಿ. ಮಳೆಗಾಲದಲ್ಲಿ ಹೊಲದ ಬದುಗಳು ಕೆಸರಾದಾಗಲೂ ಏರಿ ಗಟ್ಟಿಯಾಗಿರುತ್ತಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವವರು ಅದನ್ನೇ ಹಿಡಿಯುತ್ತಿದ್ದರು.

ಹಳ್ಳಿಯೊಳಗಿನ ಕಟ್ಟಣೆಯೂ ನಡಿಗೆಗೆ ಹೊಂದಿದ್ದು. ಮನೆಗಳಿರುವ ನೆಲ ಗ್ರಾಮಠಾಣಾ. ಅದರ ಸುತ್ತ ರಾಗಿ, ಅವರೆ, ಹುರುಳಿ ಬೆಳೆಯುವ ಖುಷ್ಕಿ. ಕೆರೆಯ ಕೆಳಗೆ ಭತ್ತದ ಗದ್ದೆ, ಸೊಪ್ಪು, ಹೂವಿನ ಮಡಿ. ಗ್ರಾಮಠಾಣಾದ ಬೀದಿಗೆ ಹೇರಿದ ಎತ್ತಿನ ಗಾಡಿಯೇ ಅಳತೆ. ಎರಡು ಬದಿ ಜಗುಲಿ, ಊರ ಮುಂದೆ ಅರಳಿಕಟ್ಟೆ, ಒಂದು ಕೊನೆಗೆ ಮಾರಮ್ಮನೋ ಮುನೇಶ್ವರನೋ. ಯಾವ ಮನೆಯಿಂದ ಯಾವ ಮನೆಗಾದರೂ ಕೂಗಳತೆ. ಊರಿನ ಸುತ್ತಲಿನ ಹೊಲಗಳಿಗೆ ಹೋಗುವ ದಾರಿಗಳು ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ಎಂದು ಗುರುತಾಗಿರುತ್ತಿದ್ದವು. ಅವು ಯಾರ ಖಾತೆಗೂ ಸೇರದ, ಎಲ್ಲರ ಹಕ್ಕಿನ ನೆಲ. ಈ ದಾರಿಗಳ ಮುಂದಿನ ಗತಿಯೇ ಬಿಳೇಕಹಳ್ಳಿಯಂಥ ಊರುಗಳ ನಡಿಗೆಯ ಕಥೆಯ ತಿರುಳು.

ನಗರದ ಕಡೆಯಿಂದ ಈ ಹಳ್ಳಿಗಳತ್ತ ಮೊದಲ ದೊಡ್ಡ ಹೆಜ್ಜೆ ಬಿದ್ದದ್ದು ಪ್ಲೇಗಿನ ಕಾಲದಲ್ಲಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಸಾವು ಸಾಲುಸಾಲಾಯಿತು. ಜನ ಊರು ಬಿಟ್ಟು ತೋಪುಗಳಲ್ಲಿ ಗುಡಿಸಲು ಹಾಕಿಕೊಂಡರು. ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ, ರೂಪುಗೊಂಡಿತ್ತು. ಪ್ಲೇಗಿನ ಭೀತಿ ಬಸವನಗುಡಿ ಮತ್ತು ಮಲ್ಲೇಶ್ವರ ವಿಸ್ತರಣೆಗಳಿಗೆ ವೇಗ ಕೊಟ್ಟಿತು. ಸುಂಕೇನಹಳ್ಳಿಯ ಹೊಲಗಳ ಮೇಲೆ ನೇರ ರಸ್ತೆಗಳು, ಗಾಳಿಬೆಳಕಿಗೆ ಅವಕಾಶವಿರುವ ಸೈಟುಗಳು, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. ಈ ಗಲ್ಲಿಗಳು ಮಲ ಹೊರುವವರಿಗೆಂದು ಮಾಡಿದ ದಾರಿಗಳು ಎಂಬುದನ್ನು ಮರೆಯಬಾರದು. ಮುಂದಿನ ಬೀದಿಯಲ್ಲಿ ಗೃಹಸ್ಥರು ಆರಾಮಾಗಿ ನಡೆಯುತ್ತಿದ್ದ ಊರಿನ ಹಿಂದಿನ ಬೀದಿಯಲ್ಲಿ, ಊರಿನ ಹೊಲಸನ್ನು ತಲೆಯ ಮೇಲೆ ಹೊತ್ತವರು ಯಾರ ಕಣ್ಣಿಗೂ ಬೀಳದ ಹಾಗೆ ನಡೆಯಬೇಕಾಗಿತ್ತು. ಸಮುದಾಯಗಳನ್ನು ನೋಡಿ ಬೀದಿ ಹಂಚುವ ಕ್ರಮವೂ ಆ ಕಾಲದ ವಿಸ್ತರಣೆಗಳಲ್ಲಿತ್ತು. ಬಸವನಗುಡಿಯ ನೆನಪುಗಳನ್ನು ಬರೆಯುವವರು ಮಾವಿನ ಮರ, ಸಂಜೆಯ ವಾಕಿಂಗು, ಫಿಲ್ಟರ್ ಕಾಫಿಯ ಜೊತೆಗೆ ಈ ಹಿತ್ತಿಲ ಗಲ್ಲಿಯನ್ನೂ ಬರೆದರೆ ಚಿತ್ರ ಪೂರ್ತಿಯಾಗುತ್ತದೆ.

ಆದರೂ ನಡಿಗೆಯ ದೃಷ್ಟಿಯಿಂದ ಬಸವನಗುಡಿ ಒಂದು ಸಿದ್ಧಿ. ಆಗ ಬಹುಮಂದಿಗೆ ಬೇರೆ ದಾರಿಯೂ ಇರಲಿಲ್ಲ: ಜಟಕಾ ಗಾಡಿ ಅಪರೂಪದ ಖರ್ಚು, ಸೈಕಲ್ಲು ಒಂದು ಆಸ್ತಿ. ಹಾಗಾಗಿ ಬಡಾವಣೆ ಕಾಲಿನ ಅಳತೆಗೇ ಬೆಳೆಯಿತು. ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು, ಗ್ರಂಥಿಗೆ ಅಂಗಡಿ. ಅಲ್ಲೇ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ. ಆಚೆ ಶಂಕರಪುರದಲ್ಲಿ 1965ರಿಂದ ಬ್ರಾಹ್ಮಿನ್ಸ್ ಕಾಫಿ ಬಾರ್. 1945ರಲ್ಲಿ ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಅವರಿಂದ ಹುಟ್ಟಿದ ವಿಶ್ವ ಸಂಸ್ಕೃತಿ ಸಂಸ್ಥೆ, ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ, ಇವೆಲ್ಲ ಪರಸ್ಪರ ನಡೆದುಹೋಗುವ ದೂರದಲ್ಲಿವೆ. ಗವಿಪುರದಲ್ಲಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗುತ್ತಿದ್ದುದು ಆ ಭಾಗದವರಿಗೆಲ್ಲ ಗೊತ್ತಿದ್ದ ದಿನಚರಿ. ಒಂದು ಸಂಜೆಗೆ ಉಪನ್ಯಾಸ, ಪುಸ್ತಕದಂಗಡಿ, ದೋಸೆ, ಕಾಫಿ ಎಲ್ಲವೂ ಒಂದೇ ನಡಿಗೆಯಲ್ಲಿ ಆಗುತ್ತಿತ್ತು. ಕನ್ನಡದ ಎಷ್ಟೋ ಸಾಹಿತ್ಯಚರ್ಚೆ ಈ ಫುಟ್‌ಪಾತುಗಳ ಮೇಲೆ ನಡೆದದ್ದು ಬಡಾವಣೆಯ ಅಳತೆಯಿಂದಾಗಿ ಎಂದರೆ ಹೆಚ್ಚೇನಲ್ಲ.

ಹೊರಗಿನವರೂ ಇಲ್ಲಿಗೆ ಕಾಲ್ನಡಿಗೆಯಲ್ಲೇ ಬರುತ್ತಿದ್ದರು. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನೆರೆಯುವ ಕಡಲೆಕಾಯಿ ಪರಿಷೆ ಈ ನೆಲ ಹೊಲವಾಗಿದ್ದ ಕಾಲದ್ದು. ಬಸವನು ಹೊಲ ಮೇಯುತ್ತಾನೆಂದು ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವ ಹರಕೆಯಿಂದ ಅದು ಹುಟ್ಟಿತೆಂಬುದು ಐತಿಹ್ಯ. ಸುತ್ತಲಿನ ಸೀಮೆಯ ರೈತರು ಗಾಡಿ ಹೂಡಿಕೊಂಡು, ಮೂಟೆ ಹೊತ್ತುಕೊಂಡು ಬರುತ್ತಿದ್ದರು. ಹೊಲಗಳು ಹೋಗಿ ಶತಮಾನ ಕಳೆದರೂ ಪರಿಷೆ ನಿಂತಿಲ್ಲ. ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆ ವಾಹನಗಳಿಗೆ ಮುಚ್ಚಿ ಪೂರ್ತಿ ನಡೆಯುವವರ ಪಾಲಾಗುತ್ತದೆ.

ಜಯನಗರದ ಹುಟ್ಟು ಬೇರೆ ಬಗೆಯದು. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ, 1951ರಲ್ಲಿ 7.8 ಲಕ್ಷ ಸಮೀಪಿಸಿತು. ಹತ್ತು ವರ್ಷದಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿ. ಈ ಒತ್ತಡದ ನಡುವೆ 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು. ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಒಂದು ದೊಡ್ಡ ಬಡಾವಣೆ ಕಟ್ಟಲು ಅದು ನಿರ್ಧರಿಸಿತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ಮಾಡಿದರು. ಅದರ ಗುರುತಾಗಿ ನಿಂತ ಅಶೋಕ ಸ್ತಂಭವೇ ಮುಂದೆ ‘ಅಶೋಕ ಪಿಲ್ಲರ್’ ಎಂಬ ನಿಲ್ದಾಣದ, ವೃತ್ತದ ಹೆಸರಾಯಿತು.

ಆ ಹೊತ್ತಿಗೆ ಜಗತ್ತಿನ ನಗರಯೋಜಕರ ನಡುವೆ ಒಂದು ವಿಚಾರ ಚಲಾವಣೆಯಲ್ಲಿತ್ತು. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ವಿವರಿಸಿದ ನೆರೆಹೊರೆ ಘಟಕದ ಪ್ರಕಾರ, ಒಂದು ಪ್ರಾಥಮಿಕ ಶಾಲೆಗೆ ಮಕ್ಕಳು ದೊಡ್ಡ ರಸ್ತೆ ದಾಟದೆ, ಸುಮಾರು ಕಾಲು ಮೈಲಿ ನಡೆದು ತಲುಪುವಷ್ಟೇ ಒಂದು ಬಡಾವಣೆಯ ಗಾತ್ರ ಇರಬೇಕು. ಜಯನಗರದ ಬ್ಲಾಕುಗಳನ್ನು ನಡೆದು ನೋಡಿದರೆ ಆ ವಿಚಾರದ ಹತ್ತಿರದ ನೆಂಟಸ್ತಿಕೆ ಕಾಣುತ್ತದೆ. ಬ್ಲಾಕಿಗೆ ತನ್ನದೇ ಪಾರ್ಕು, ಶಾಲೆ, ಆಟದ ಮೈದಾನ, ಅಂಗಡಿ ಬೀದಿ. ಎಲ್ಲಕ್ಕೂ ನಡುವೆ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸು, ಬಸ್ ನಿಲ್ದಾಣ. ರಸ್ತೆಗಳಿಗೆ ಮೇನು, ಕ್ರಾಸು ಎಂದು ಸಂಖ್ಯೆ ಕೊಟ್ಟದ್ದರಿಂದ ಹೊಸಬರೂ ಮನೆ ಹುಡುಕಿಕೊಂಡು ಹೋಗಬಹುದಿತ್ತು. ದಾರಿ ಕೇಳಿದರೆ ‘ಮುಂದಿನ ಕ್ರಾಸಲ್ಲಿ ಎಡಕ್ಕೆ’ ಎಂಬ ಉತ್ತರ ಸಿಗುವ ಊರಿನಲ್ಲಿ ನಡೆಯುವುದೇ ಒಂದು ಧೈರ್ಯ.

ಈ ನೆಮ್ಮದಿಗೂ ಬೆಲೆ ತೆತ್ತವರಿದ್ದಾರೆ. ಸಿದ್ದಾಪುರ, ಕನಕನಪಾಳ್ಯ, ಬೈರಸಂದ್ರ, ಯಡಿಯೂರುಗಳ ಸುತ್ತಲಿನ ಹೊಲ ಬಡಾವಣೆಗಾಗಿ ಸ್ವಾಧೀನವಾಯಿತು. ರೈತರಿಗೆ ಸಿಕ್ಕ ಪರಿಹಾರಕ್ಕೂ ಆ ನೆಲ ಮುಂದೆ ಕಂಡ ಬೆಲೆಗೂ ಹೋಲಿಕೆಯೇ ಇಲ್ಲ. ಹಳ್ಳಿಗಳು ಮಾತ್ರ ತಮ್ಮ ಗ್ರಾಮಠಾಣಾದ ಗೆರೆಯೊಳಗೆ ಉಳಿದುಕೊಂಡವು. ಜಯನಗರದ ಅಗಲ ರಸ್ತೆಯಿಂದ ತಟ್ಟನೆ ಕಿರುಗಲ್ಲಿಗೆ ತಿರುಗಿದಾಗ ಕಾಲಿಗೆ ಸಿಗುವುದು ಈ ಹಳೆಯ ಊರುಗಳೇ. ಬಡಾವಣೆಯ ಮನೆಗೆಲಸದವರು, ಹೂವು ಕಟ್ಟುವವರು, ಇಸ್ತ್ರಿ ಪೆಟ್ಟಿಗೆಯವರು ಅಲ್ಲಿಂದಲೇ ನಡೆದು ಬರುತ್ತಿದ್ದರು. ಜಯನಗರದ ನಡಿಗೆಯ ಬದುಕು ನಿಂತದ್ದು ಈ ನೆರೆಯ ಮೇಲೂ ಹೌದು.

ಬಸ್ಸು ಬಂದದ್ದು ನಡಿಗೆಗೆ ಪೂರಕವಾಗಿ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿತು. 1956ರಲ್ಲಿ ಅದು ಸರ್ಕಾರದ ವಶವಾಗಿ ಬಿ.ಟಿ.ಎಸ್. ಆಯಿತು, 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. ಸ್ಟಾಪಿಗೆ ನಡೆದು ಬರುವವರು, ಇಳಿದು ಮನೆಗೆ ನಡೆಯುವವರು ಇಲ್ಲದೆ ಬಸ್ಸಿಗೆ ಜನ ಸಿಗುವುದಿಲ್ಲ. ಜಯನಗರ ಅವರನ್ನು ಒದಗಿಸಿತು. ಅಂಥವರ ಹಸಿವಿಗಾಗಿ 1980ರ ದಶಕದ ಮೊದಲಲ್ಲಿ ಜಯನಗರದಲ್ಲೇ ದರ್ಶಿನಿ ಎಂಬ ಹೋಟೆಲಿನ ಬಗೆ ಹುಟ್ಟಿತು. ಟೋಕನ್ ತೆಗೆದುಕೊಂಡು, ಕೌಂಟರಿನಲ್ಲಿ ಇಡ್ಲಿ ಪಡೆದು, ನಿಂತೇ ತಿಂದು, ಕಾಫಿ ಕುಡಿದು ಹೊರಡುವ ಈ ಪದ್ಧತಿ ಇವತ್ತು ಕರ್ನಾಟಕದ ಎಷ್ಟೋ ಊರುಗಳಲ್ಲಿ ಇದೆ. ನಡೆದು ಹೋಗುವವರು ಹೆಚ್ಚಿರುವ ಬೀದಿಯಲ್ಲಷ್ಟೇ ಹುಟ್ಟಬಲ್ಲ ಹೋಟೆಲು ಅದು; ಬೆಂಗಳೂರು ನಾಡಿಗೆ ಕೊಟ್ಟ ಕೊಡುಗೆಗಳಲ್ಲಿ ಅದನ್ನು ಸಣ್ಣದೆಂದು ಎಣಿಸಲಾಗದು.

ನೆರಳಿನ ಮಾತನ್ನೂ ಸೇರಿಸಬೇಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಲಕ್ಷಾಂತರ ಗಿಡ ನೆಡಲಾಯಿತು. ಬಡಾವಣೆಯ ನಿವಾಸಿಗಳೇ ತಮ್ಮ ಮನೆ ಮುಂದಿನ ಗಿಡಕ್ಕೆ ನೀರು ಹೊಯ್ಯುವಂತೆ ಮಾಡಿದ ಕೆಲಸ ಅದು. ಜಯನಗರದ ಉದ್ದಕ್ಕೂ ಸಾಗುವ ಲಕ್ಷ್ಮಣ ರಾವ್ ಉದ್ಯಾನದ ಹಸಿರು ಪಟ್ಟಿ ನಡೆಯುವವರ ಬೆನ್ನೆಲುಬಿನಂತಿತ್ತು. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಅದರ ಒಂದು ಭಾಗ ಹೋದಾಗ, ಲಾಲ್‌ಬಾಗಿನ ಅಂಚು ಒಡೆದಾಗ, ಜನ ಬೀದಿಗಿಳಿದು ಪ್ರತಿಭಟಿಸಿದರು. ಹಾಗೆ ಬೀದಿಗಿಳಿದವರಲ್ಲಿ ಅನೇಕರು ದಿನವೂ ಅದೇ ಬೀದಿಯಲ್ಲಿ ನಡೆಯುತ್ತಿದ್ದವರು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಓಡಲು ಶುರುವಾಯಿತು. ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿಗಳಿಗೆ ನಿಲ್ದಾಣ ಬಂತು. ಮೆಟ್ರೊ ಇಳಿದವರು ಮನೆಗೆ ನಡೆದು ಹೋಗಬಲ್ಲ ಬಡಾವಣೆ ಅಲ್ಲಿ ಮೊದಲೇ ಇತ್ತು.

1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಬನಶಂಕರಿಯ ಹಂತಗಳು, ಬೈರಸಂದ್ರ–ತಾವರೆಕೆರೆ–ಮಡಿವಾಳಗಳ ಮೊದಲ ಅಕ್ಷರ ಕೂಡಿದ ಬಿ.ಟಿ.ಎಂ. ಇವೆಲ್ಲ ಅದರ ಕಾಲದಲ್ಲಿ ಹರಡಿದವು. ರಸ್ತೆಗಳು ಇನ್ನೂ ಅಗಲವಾದವು, ಪಾರ್ಕುಗಳಿದ್ದವು, ಆದರೆ ಅಂಗಡಿ, ಶಾಲೆಗಳು ಜಯನಗರದಷ್ಟು ಹತ್ತಿರ ಹತ್ತಿರ ಬರಲಿಲ್ಲ. ಹೊರವರ್ತುಲ ರಸ್ತೆ ಈ ಬಡಾವಣೆಗಳನ್ನು ಅಡ್ಡ ಸೀಳಿತು. ಹಾಗಿದ್ದರೂ ಜೆ.ಪಿ. ನಗರ ಎರಡನೇ ಹಂತದಲ್ಲಿ 2004ರಲ್ಲಿ ಶಂಕರ್ ನಾಗ್ ನೆನಪಿಗೆ ತೆರೆದ ರಂಗಶಂಕರ ನಾಟಕಮಂದಿರ, ಊರಿನ ಎಲ್ಲೆಡೆಯಿಂದ ಜನರನ್ನು ಕರೆದು ಸಂಜೆಗೆ ಒಂದು ಬೀದಿಯನ್ನು ತುಂಬಿಸಿತು.

ಬಿಳೇಕಹಳ್ಳಿಯ ಕಥೆ ಪ್ರಾಧಿಕಾರದ ಈ ಬಡಾವಣೆಗಳ ಗೆರೆಯ ಆಚೆಗಿನದು. 1970ರ ದಶಕದವರೆಗೆ ಅದರ ಪಕ್ಕದ ರಸ್ತೆಯಲ್ಲಿ ಹೋಗುವವರು ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯ ದರ್ಶನಕ್ಕೋ, 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನಕ್ಕೋ ಹೊರಟವರು. ಅವರಿಗೆ ಇದು ಹಾದುಹೋಗುವ ಊರು. ಮೊದಲ ದೊಡ್ಡ ಬದಲಾವಣೆ ಭಾರತೀಯ ನಿರ್ವಹಣಾ ಸಂಸ್ಥೆ, ಅಂದರೆ ಐ.ಐ.ಎಂ., ಇಲ್ಲಿಗೆ ಬಂದಾಗ. 1973ರಲ್ಲಿ ಬೆಂಗಳೂರು ನಗರದೊಳಗಿನ ಬಾಡಿಗೆ ಕಟ್ಟಡದಲ್ಲಿ ಶುರುವಾದ ಸಂಸ್ಥೆ 1983ರಲ್ಲಿ ಬಿಳೇಕಹಳ್ಳಿಯ ಸುಮಾರು 100 ಎಕರೆ ಆವರಣಕ್ಕೆ ಬಂತು. ಅದನ್ನು ರೂಪಿಸಿದವರು ಬಾಲಕೃಷ್ಣ ದೋಶಿ. ಮುಂದೆ, 2018ರಲ್ಲಿ, ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ.

ದೋಶಿಯವರು ಈ ಆವರಣಕ್ಕೆ ಫತೇಪುರ್ ಸಿಕ್ರಿಯ ಅಂಗಳಗಳಿಂದಲೂ ಬೆಂಗಳೂರಿನ ಉದ್ಯಾನಗಳಿಂದಲೂ ಪ್ರೇರಣೆ ಪಡೆದರು. ಒರಟು ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆಗಳು, ಕೆಲವೆಡೆ ಮೂರು ಮಹಡಿ ಎತ್ತರದ ತೆರೆದ ಹಾದಿ, ಮೇಲೆ ಕಾಂಕ್ರೀಟ್ ಚೌಕಟ್ಟಿನ ಮೇಲೆ ಹಬ್ಬಿದ ಬಳ್ಳಿ, ಕೆಳಗೆ ಬಿಸಿಲು ನೆರಳಿನ ಚೌಕುಳಿ. ತರಗತಿಯಿಂದ ಗ್ರಂಥಾಲಯಕ್ಕೆ ಹೋಗುವಾಗ ಮಳೆಯಲ್ಲೂ ನೆನೆಯಬೇಕಿಲ್ಲ, ಬಿಸಿಲಲ್ಲೂ ಬೇಯಬೇಕಿಲ್ಲ. ಹಾದಿಯ ಅಗಲ ಬರಿಯ ಓಡಾಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚು. ಎದುರಾದ ಇಬ್ಬರು ನಿಂತು ಮಾತಾಡಿದರೆ ಮೂರನೆಯವರಿಗೆ ಅಡ್ಡಿಯಾಗುವುದಿಲ್ಲ. ಕಲಿಕೆಯ ಅರ್ಧ ತರಗತಿಯ ಹೊರಗಿನ ಈ ಮಾತುಕತೆಯಲ್ಲಿ ಆಗುತ್ತದೆಂಬ ನಂಬಿಕೆ ಆ ನಕ್ಷೆಯಲ್ಲೇ ಇದೆ. ಬೆಂಗಳೂರಿನಲ್ಲಿ ನಡೆಯುವವರಿಗೆಂದು ಇಷ್ಟು ಪ್ರೀತಿಯಿಂದ ಕಟ್ಟಿದ ಜಾಗ ಇನ್ನೊಂದು ಸಿಗುವುದು ಕಷ್ಟ. ಅದು ಕಾಂಪೌಂಡಿನೊಳಗೆ ಇದೆ ಎಂಬುದೇ ದುಃಖ.

ಕಾಂಪೌಂಡಿನ ಹೊರಗೆ ನೆಲ ಬೇರೊಂದು ಕ್ರಮದಲ್ಲಿ ಬದಲಾಯಿತು. ಪ್ರಾಧಿಕಾರ ಸೈಟು ಕೊಡುವ ವೇಗಕ್ಕಿಂತ ಊರಿಗೆ ಬರುವವರ ವೇಗ ಹೆಚ್ಚಾಗಿತ್ತು. ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳ ನೌಕರರು ಗೃಹ ನಿರ್ಮಾಣ ಸಹಕಾರ ಸಂಘಗಳನ್ನು ಕಟ್ಟಿಕೊಂಡು ರೈತರಿಂದ ಜಮೀನು ಪಡೆದರು. ಬಿಳೇಕಹಳ್ಳಿಯ ಸುತ್ತಲಿನ ಹೆಸರುಗಳೇ ಇದನ್ನು ಹೇಳುತ್ತವೆ: ವಿಜಯಾ ಬ್ಯಾಂಕ್ ಲೇಔಟು ಬ್ಯಾಂಕಿನವರ ನೆನಪು, ಅರೆಕೆರೆಯ ಮೈಕೊ ಲೇಔಟು ಆಡುಗೋಡಿಯಲ್ಲಿ ಕಾರ್ಖಾನೆ ಇದ್ದ ಮೈಕೊ ಕಂಪನಿಯ ನೆನಪು. ಇವುಗಳಲ್ಲಿ ರಸ್ತೆ, ಪಾರ್ಕಿನ ಲೆಕ್ಕ ಸ್ವಲ್ಪಮಟ್ಟಿಗೆ ಉಳಿಯಿತು. ಇನ್ನೊಂದು ಬಗೆಯವು ರೆವಿನ್ಯೂ ಲೇಔಟುಗಳು. ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ತರಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅನುಮತಿ, ಜನರ ಮಾತಿನಲ್ಲಿ ಡಿ.ಸಿ. ಕನ್ವರ್ಷನ್, ಬೇಕಿತ್ತು, ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆಯೂ ಬೇಕಿತ್ತು. ಎಷ್ಟೋ ಕಡೆ ಎರಡನೆಯದು, ಕೆಲವು ಕಡೆ ಎರಡೂ ಇಲ್ಲದೆ, ಎಕರೆ ಎರಡೆಕರೆಯ ತುಂಡುಗಳು ಸೈಟಾದವು.

ಇಲ್ಲಿ ಒಂದು ಸರಳ ಲೆಕ್ಕವಿದೆ. ಒಂದು ಎಕರೆ ಎಂದರೆ 43,560 ಚದರಡಿ. ಮೂವತ್ತು ನಲವತ್ತರ ಸೈಟು 1,200 ಚದರಡಿ. ಎಕರೆಯನ್ನು ಚೌಕವೆಂದು ಹಿಡಿದರೆ ಒಂದು ಬದಿ ಸುಮಾರು 209 ಅಡಿ. ಅದರ ನಡುವೆ ಹೋಗುವ ರಸ್ತೆಯ ಎರಡೂ ಬದಿಗೆ ಆರಾರು ಅಡಿ ಫುಟ್‌ಪಾತು ಬಿಟ್ಟರೆ ಹೋಗುವ ನೆಲ ಸುಮಾರು 2,500 ಚದರಡಿ, ಅಂದರೆ ಎರಡು ಸೈಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ವಸತಿ ಪ್ರದೇಶದ ಫುಟ್‌ಪಾತಿಗೆ ಕನಿಷ್ಠವೆಂದು ಹೇಳುವ 1.8 ಮೀಟರ್ ಎಂದರೆ ಸರಿಸುಮಾರು ಈ ಆರು ಅಡಿಯೇ. ನೂರಾರು ಎಕರೆಯನ್ನು ಒಟ್ಟಿಗೆ ಸ್ವಾಧೀನ ಮಾಡಿಕೊಂಡ ಟ್ರಸ್ಟ್ ಬೋರ್ಡಿಗೆ ಈ ಎರಡು ಸೈಟುಗಳ ನಷ್ಟ ದೊಡ್ಡದಲ್ಲ. ಅದು ಇಡೀ ಬಡಾವಣೆಯ ಮೇಲೆ ಹಂಚಿಹೋಗುತ್ತದೆ. ಒಂದೇ ಎಕರೆಯನ್ನು ಮಾರಿ ಮಗಳ ಮದುವೆ, ಮಗನ ಓದು, ಹಳೆಯ ಸಾಲ ತೀರಿಸಬೇಕಾದ ರೈತನಿಗೋ, ಅವನಿಂದ ಕೊಂಡು ಲಾಭ ನೋಡುವ ಲೇಔಟಿನವನಿಗೋ ಎರಡು ಸೈಟು ಬಹಳ ದೊಡ್ಡದು. ಹಾಗಾಗಿ ನಡೆಯುವವರ ಪಾಲು ಮೊದಲು ಕರಗಿತು. ಉಳಿದದ್ದು ಇಪ್ಪತ್ತು, ಇಪ್ಪತ್ತೈದು ಅಡಿಯ ರಸ್ತೆ, ಪಕ್ಕಕ್ಕೆ ಮೋರಿ. ಮುಂದೆ ಮೋರಿಯ ಮೇಲೆ ಕಲ್ಲು ಚಪ್ಪಡಿ ಮುಚ್ಚಿದಾಗ ಅದಕ್ಕೇ ಫುಟ್‌ಪಾತು ಎಂಬ ಹೆಸರು ಬಂತು. ಅದರ ಮೇಲೆ ಮನೆಯ ಗೇಟಿನ ಇಳಿಜಾರು, ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರು ಬಂದವು.

ಎರಡನೆಯ ನಷ್ಟ ಇನ್ನೂ ಆಳದ್ದು. ಒಂದು ಲೇಔಟಿನ ರಸ್ತೆ ಪಕ್ಕದ ಲೇಔಟಿನ ರಸ್ತೆಗೆ ಕೂಡಲೇಬೇಕೆಂಬ ಹೊಣೆ ಯಾರ ಮೇಲೂ ಇರಲಿಲ್ಲ. ಪಕ್ಕದ ಜಮೀನು ಇನ್ನೂ ಹೊಲವಾಗಿದ್ದಾಗ ಮುಗಿದ ರಸ್ತೆ, ಅದು ಸೈಟಾದ ಮೇಲೂ ಗೋಡೆಗೆ ಮುಗಿಯಿತು. ಗ್ರಾಮ ನಕ್ಷೆಯ ಕಾಲುದಾರಿ, ಬಂಡಿದಾರಿಗಳು ಎಷ್ಟೋ ಕಡೆ ಸೈಟುಗಳ ನಡುವೆ ಸೇರಿಹೋದವು. ಈ ರೀತಿ ಬೆಳೆದ ಭಾಗಗಳಲ್ಲಿ ಎದುರಿಗೇ ಕಾಣುವ ಮನೆಗೆ ಹೋಗಲು ಮುಖ್ಯರಸ್ತೆಗೆ ಬಂದು ಸುತ್ತಿ ಒಳಹೋಗಬೇಕು. ಜಯನಗರದಲ್ಲಿ ಒಂದು ರಸ್ತೆ ಮುಚ್ಚಿದರೆ ಮುಂದಿನ ಕ್ರಾಸು ಹಿಡಿಯಬಹುದು. ಇಲ್ಲಿ ಎಲ್ಲರೂ ಬನ್ನೇರುಘಟ್ಟ ರಸ್ತೆಗೇ ಬರಬೇಕು. ಆ ರಸ್ತೆಯ ದಟ್ಟಣೆಗೆ ಒಂದು ದೊಡ್ಡ ಕಾರಣ ಈ ಕೂಡದ ರಸ್ತೆಗಳು.

ಆಡಳಿತವೂ ತಡವಾಗಿ ತಲುಪಿತು. ಹಳ್ಳಿಯ ಪಂಚಾಯಿತಿಯಿಂದ ಬೊಮ್ಮನಹಳ್ಳಿ ನಗರಸಭೆಗೆ, 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಮಾಡಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಬಿಳೇಕಹಳ್ಳಿ ಸಾಗಿತು. ಅದರ ಹೆಸರಿನಲ್ಲೇ ಒಂದು ವಾರ್ಡೂ ಆಯಿತು. ಪಾಲಿಕೆ ಬರುವ ಹೊತ್ತಿಗೆ ಮನೆಗಳು ಎದ್ದಾಗಿತ್ತು; ಒಳಚರಂಡಿ, ಕಾವೇರಿ ನೀರು, ಬೀದಿದೀಪ ಇವೇ ಮೊದಲ ಬೇಡಿಕೆಗಳಾಗಿ ಫುಟ್‌ಪಾತು ಹಿಂದೆ ಬಿತ್ತು. ಅದೇ ವರ್ಷಗಳಲ್ಲಿ ಐ.ಐ.ಎಂ. ಎದುರಿನ ಬದಿಗೆ ಎರಡು ದೊಡ್ಡ ಖಾಸಗಿ ಆಸ್ಪತ್ರೆಗಳು, ಮುಂದೆ ಮಾಲುಗಳು, ಸಾಫ್ಟ್‌ವೇರ್ ಕಚೇರಿಗಳು ಬಂದವು. ಬರುವವರ ಬಗೆ ಬದಲಾಯಿತು. ಮೊದಲು ಬನ್ನೇರುಘಟ್ಟಕ್ಕೆ ಹೋಗುವ 365ನೇ ನಂಬರಿನ ಬಸ್ಸಿನಲ್ಲಿ ಕುಳಿತು ಊರನ್ನು ದಾಟಿಹೋಗುತ್ತಿದ್ದವರ ಬದಲು, ಊರ ಹೆಸರು ಹೇಳಿ ಇಳಿಯುವವರು ಬಂದರು: ರೋಗಿಯ ಕಡೆಯವರು, ಕೆಲಸಕ್ಕೆ ಬಂದ ತರುಣರು, ಪರೀಕ್ಷೆ ಬರೆಯುವವರು.

ಅವರಿಗೆ ತಂಗಲು, ಉಣ್ಣಲು ಜಾಗ ಕೊಟ್ಟದ್ದು ಬಹುಮಟ್ಟಿಗೆ ಹಳೆಯ ಊರುಗಳ ಬೀದಿಗಳೇ. ಬೆಂಗಳೂರಿನ ಅಂಚಿನ ಎಲ್ಲ ಹಳ್ಳಿಗಳಂತೆ ಇಲ್ಲೂ ಗ್ರಾಮಠಾಣಾದ ಚಿಕ್ಕ ನಿವೇಶನಗಳ ಮೇಲೆ ಮಹಡಿ ಏರಿಸಿ ಬಾಡಿಗೆ ಮನೆ, ಪಿ.ಜಿ.ಗಳಾದವು; ಕೆಳಗೆ ದಿನಸಿ ಅಂಗಡಿ, ಬೇಕರಿ, ಮೆಸ್ಸು, ಹೊಲಿಗೆ ಅಂಗಡಿ, ಮೆಡಿಕಲ್ ಸ್ಟೋರು. ಗಾಡಿಯ ಅಳತೆಯ ಬೀದಿಯಲ್ಲಿ ಕಾರು ಬೇಗ ಹೋಗಲಾರದು. ಹಾಗಾಗಿ ಜನ ಬೀದಿಯ ನಡುವೆಯೇ ನಡೆಯುತ್ತಾರೆ, ಮಕ್ಕಳು ಆಡುತ್ತಾರೆ, ಊರ ಹಬ್ಬಕ್ಕೆ ದೇವಿಯ ಉತ್ಸವ ಹೊರಡುತ್ತದೆ. ಬೆಳಿಗ್ಗೆ ಪಕ್ಕದ ಅಪಾರ್ಟ್‌ಮೆಂಟುಗಳಿಗೆ ಮನೆಗೆಲಸಕ್ಕೆ ಹೋಗುವವರು, ಪಾಳಿ ಬದಲಾಯಿಸುವ ಸೆಕ್ಯೂರಿಟಿಯವರು, ಆಸ್ಪತ್ರೆಯ ನರ್ಸುಗಳು, ಪೌರಕಾರ್ಮಿಕರು, ಇವರೇ ಈ ಭಾಗದ ನಿಜವಾದ ಪಾದಚಾರಿಗಳು. ನಡಿಗೆಯನ್ನು ಆರೋಗ್ಯದ ಹವ್ಯಾಸವೆಂದು ಮಾತ್ರ ನೋಡುವವರ ಲೆಕ್ಕದಲ್ಲಿ ಇವರು ಬರುವುದಿಲ್ಲ. ಫುಟ್‌ಪಾತು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವರಿಗೆ.

ಹವ್ಯಾಸದ ನಡಿಗೆಗೆ ಕೆರೆಗಳು ಒದಗಿವೆ. ಪುಟ್ಟೇನಹಳ್ಳಿಯ ಕೆರೆಯನ್ನು ನಿವಾಸಿಗಳ ಟ್ರಸ್ಟ್ 2010ರ ನಂತರ ಎತ್ತಿ ನಿಲ್ಲಿಸಿತು. ಸಾರಕ್ಕಿ, ಮಡಿವಾಳ ಕೆರೆಗಳ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರ ಸಾಲು ಇದೆ. ಹಿಂದೆ ಊರಿಂದ ಊರಿಗೆ ಹೋಗುವ ದಾರಿಯಾಗಿದ್ದ ಏರಿ ಈಗ ಸುತ್ತು ಹಾಕುವ ದಾರಿ.

ಕಾನೂನಿನ ಮಾತು ಈಚೆಗೆ ಬಲವಾಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತು ಪಾದಚಾರಿಗಳಿಗೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದಿತು. ನಗರದೊಳಗೆ ಚರ್ಚ್ ಸ್ಟ್ರೀಟು, ‘ಟೆಂಡರ್ ಶ್ಯೂರ್’ ಎಂಬ ಯೋಜನೆಯಲ್ಲಿ ಮಾಡಿದ ರಸ್ತೆಗಳು, ಗಾಂಧಿ ಬಜಾರು ನಡೆಯುವವರಿಗಾಗಿ ಮರುರೂಪ ಪಡೆದಿವೆ. ಇವೆಲ್ಲ ಮೊದಲೇ ಅಗಲವಿದ್ದ, ಸರ್ಕಾರದ ಕೈಯಲ್ಲಿದ್ದ ರಸ್ತೆಗಳು. ಇಪ್ಪತ್ತು ಅಡಿಯ ಬೀದಿಗೆ ಅದೇ ಮಾದರಿ ಹಿಡಿಸುವುದಿಲ್ಲ. ಅಲ್ಲಿ ಬೇರೆ ಫುಟ್‌ಪಾತು ಕಟ್ಟುವುದಕ್ಕಿಂತ, ಹಳೆಯ ಊರಿನ ಬೀದಿಯಂತೆ ವಾಹನದ ವೇಗ ತಗ್ಗಿಸಿ ಇಡೀ ಬೀದಿಯನ್ನು ನಡೆಯುವವರಿಗೆ ಬಿಡುವುದೇ ಸಾಧ್ಯವಾದ ಕ್ರಮ.

ಬನ್ನೇರುಘಟ್ಟ ರಸ್ತೆಯ ಮೇಲೆ ಮೆಟ್ರೊದ ಗುಲಾಬಿ ಮಾರ್ಗದ ಕಂಬಗಳು ಎದ್ದಿವೆ. ಅದಕ್ಕಾಗಿ 2020ರಲ್ಲಿ ಜಯದೇವ ಆಸ್ಪತ್ರೆ ಬಳಿಯ ಮೇಲ್ಸೇತುವೆಯನ್ನು ಒಡೆಯಲಾಯಿತು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗವನ್ನು ಗುಲಾಬಿ ಮಾರ್ಗ ಸಂಧಿಸುವುದು ಅಲ್ಲೇ. ಕಾಳೇನ ಅಗ್ರಹಾರದಿಂದ ಬರುವಾಗ ಹುಳಿಮಾವು, ಐ.ಐ.ಎಂ., ಜೆ.ಪಿ. ನಗರ ನಾಲ್ಕನೇ ಹಂತ, ಜಯದೇವ ಎಂಬ ಕ್ರಮದಲ್ಲಿ ನಿಲ್ದಾಣಗಳಿವೆ. ಬಿಳೇಕಹಳ್ಳಿಯವರಿಗೆ ಹತ್ತಿರದ್ದು ಐ.ಐ.ಎಂ. ನಿಲ್ದಾಣ. ಅಲ್ಲಿಂದ ಹಳೆಯ ಊರಿಗೂ ಸುತ್ತಲಿನ ಲೇಔಟುಗಳಿಗೂ ದೂರ ಹೆಚ್ಚಿಲ್ಲ. ಆ ದೂರವನ್ನು ನಡೆದು ಮುಟ್ಟಲು ಬೇಕಾದ ಕೆಲಸ ಎರಡು: ನಿಲ್ದಾಣದ ಮೆಟ್ಟಿಲ ಬುಡದಿಂದ ಮುಖ್ಯರಸ್ತೆಯುದ್ದಕ್ಕೆ ಕಡಿಯದ ಫುಟ್‌ಪಾತು, ಮತ್ತು ಲೇಔಟುಗಳ ನಡುವೆ ಗೋಡೆಗೆ ಮುಗಿಯುವ ರಸ್ತೆಗಳಲ್ಲಿ ಮನುಷ್ಯರು ಹಾಯುವಷ್ಟಾದರೂ ಕಿಂಡಿದಾರಿ. ಗ್ರಾಮ ನಕ್ಷೆಯಲ್ಲಿ ಇನ್ನೂ ಗುರುತಿರುವ ಹಳೆಯ ಕಾಲುದಾರಿಗಳನ್ನು ಹುಡುಕಿ ಬಿಡಿಸಿಕೊಂಡರೆ ಎರಡನೆಯ ಕೆಲಸಕ್ಕೆ ಕೆಲವೆಡೆ ಹೊಸ ಜಮೀನೇ ಬೇಕಾಗುವುದಿಲ್ಲ.